ದರ್ಶಿನಿ ನಡೆಸೋಕೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್: ಎಲ್ಲಿಂದ ಶುರು ಮಾಡಲಿ?

ಹೊಸಬ_ಬೆಂಗಳೂರು

ಮುಂದಿನ ತಿಂಗಳಿಂದ ಬೆಂಗಳೂರಿನ ಒಂದು ದರ್ಶಿನಿಯ ಮೇಲ್ವಿಚಾರಣೆ ನನ್ನದು. ಓದಿರೋದು ಬಿ.ಕಾಂ. ಲೆಕ್ಕಪತ್ರ ಗೊತ್ತು, ಆಪರೇಷನ್ಸ್ ಗೊತ್ತಿಲ್ಲ. ಸದ್ಯದ ಸ್ಥಿತಿ ಹೀಗಿದೆ:

ಬೆಳಿಗ್ಗೆ 8ರಿಂದ 10ರವರೆಗೆ ಗಂಟೆಗೆ ಸುಮಾರು 240 ಗಿರಾಕಿಗಳು. ನೂರಕ್ಕೆ 60 ಜನ ದೋಸೆ ತಗೋತಾರೆ. ಕಾವಲಿ ಒಂದೇ, ಒಂದು ಸಲಕ್ಕೆ 8 ದೋಸೆ, ಒಂದು ಸುತ್ತಿಗೆ 4 ನಿಮಿಷ. ಕ್ಯಾಷ್ ಕೌಂಟರ್‌ನಲ್ಲಿ ಟೋಕನ್ ಕೊಡೋಕೆ ಒಬ್ಬರಿಗೆ 10 ಸೆಕೆಂಡ್. ಒಂಬತ್ತೂವರೆ ಹೊತ್ತಿಗೆ ದೋಸೆ ಕೌಂಟರ್ ಮುಂದೆ ಕೂಗಾಟ ಶುರುವಾಗುತ್ತೆ. ಇಡ್ಲಿ ಹಿಟ್ಟು ಒಂದು ದಿನ ಒಂಬತ್ತೂವರೆಗೇ ಖಾಲಿ, ಇನ್ನೊಂದು ದಿನ ಅರ್ಧ ಡಬರಿ ಉಳಿದಿರುತ್ತೆ.

ಪಠ್ಯಪುಸ್ತಕಗಳಲ್ಲಿ ಮುನ್ನಂದಾಜು, ದಾಸ್ತಾನು, ಗುಣಮಟ್ಟ ಅಂತ ಅಧ್ಯಾಯಗಳ ಸಾಲೇ ಇದೆ. ಯಾವುದನ್ನು ಮೊದಲು ಕಲಿಯಬೇಕು? ಅದನ್ನ ಇಂಥ ಜಾಗದಲ್ಲಿ ಹೇಗೆ ಬಳಸಬೇಕು?

ಗಡಿಯಾರ_ಕೈಯಲ್ಲಿ

ಮೊದಲು ಹರಿವು, ಆಮೇಲೆ ದಾಸ್ತಾನು, ಕೊನೆಗೆ ಗುಣಮಟ್ಟ. ಪುಸ್ತಕದ ಕ್ರಮ ಏನೇ ಇರಲಿ, ಕೆಲಸ ಎಲ್ಲಿ ಕಟ್ಟಿಕೊಂಡಿದೆ ಅಂತ ಕಾಣದೆ ಮಿಕ್ಕಿದ್ದು ಕಲಿತರೆ ತಪ್ಪು ಜಾಗಕ್ಕೆ ದುಡ್ಡು ಸುರೀತೀರಿ.

ನೀವು ಕೊಟ್ಟ ಅಂಕಿಗಳಲ್ಲೇ ಉತ್ತರ ಇದೆ. ದೋಸೆಯ ಬೇಡಿಕೆ ಗಂಟೆಗೆ 144. ಅಂದರೆ 25 ಸೆಕೆಂಡಿಗೊಂದು ದೋಸೆ ಹೊರಗೆ ಬರಬೇಕು. ಇದಕ್ಕೆ ಟ್ಯಾಕ್ಟ್ ಟೈಮ್ ಅಂತಾರೆ. ನಿಮ್ಮ ಕಾವಲಿ ಕೊಡೋದು 4 ನಿಮಿಷಕ್ಕೆ 8, ಅಂದರೆ ಗಂಟೆಗೆ 120, 30 ಸೆಕೆಂಡಿಗೊಂದು. ವ್ಯತ್ಯಾಸ ಬರೀ 5 ಸೆಕೆಂಡ್ ಅನ್ನಿಸುತ್ತೆ. ಆದರೆ ಗಂಟೆಗೆ 24 ದೋಸೆ ಬಾಕಿ ಬೀಳುತ್ತೆ. ಒಂಬತ್ತೂವರೆಗೆ 36 ಬಾಕಿ, ಆಗ ಟೋಕನ್ ತಗೊಂಡವರು 18 ನಿಮಿಷ ಕಾಯಬೇಕು. ಹತ್ತು ಗಂಟೆಗೆ 48 ಬಾಕಿ, 24 ನಿಮಿಷ. ಕೂಗಾಟಕ್ಕೆ ಕಾರಣ ಸಪ್ಲೈಯರ್‌ನ ಒರಟು ಮಾತಲ್ಲ, ಈ 5 ಸೆಕೆಂಡ್. ದಿನದ ಸರಾಸರಿ ತೆಗೆದರೆ ಇದು ಕಾಣೋದೇ ಇಲ್ಲ, ಯಾಕಂದರೆ 11 ಗಂಟೆ ಮೇಲೆ ಕಾವಲಿ ಖಾಲಿ ಇರುತ್ತೆ. ಯಾವಾಗಲೂ ಗಂಟೆಗಂಟೆಯ ಲೆಕ್ಕ ಬರೆಯಿರಿ, ಸಾಧ್ಯವಾದರೆ ಅರ್ಧ ಗಂಟೆಯದು.

ಈಗ ಆ 240 ಸೆಕೆಂಡನ್ನ ಒಡೆದು ನೋಡಬೇಕು. ಫೋನಿನ ಸ್ಟಾಪ್‌ವಾಚ್ ಹಿಡಿದು ಕನಿಷ್ಠ 15 ಸುತ್ತು ಅಳೆಯಿರಿ. ಸಾಮಾನ್ಯವಾಗಿ ಹೀಗೆ ಸಿಗುತ್ತೆ: ನೀರು ಚಿಮುಕಿಸಿ ಕಡ್ಡಿ ಪೊರಕೆಯಲ್ಲಿ ಒರೆಸೋದು 20, ಎಂಟು ದೋಸೆ ಹುಯ್ದು ಹರಡೋದು 60, ಎಣ್ಣೆ ಹಾಕಿ ಬೇಯೋದು 90, ಪಲ್ಯ ಇಟ್ಟು ಮಡಚಿ ತೆಗೆಯೋದು 40. ಉಳಿದ 30 ಸೆಕೆಂಡ್ ಭಟ್ಟರು ಹಿಟ್ಟಿನ ಬಕೆಟ್ ತರೋಕೆ ಹೋಗಿದ್ದು, ತಟ್ಟೆಗೆ ಕಾದಿದ್ದು. ಈ 30 ಸೆಕೆಂಡ್ ಕಾವಲಿ ಸುಮ್ಮನೆ ಉರೀತಾ ಇರುತ್ತೆ. ಇಡೀ ಹೋಟೆಲಿನಲ್ಲಿ ಅತಿ ದುಬಾರಿ ಹೊತ್ತು ಇದೇ, ಕಾರಣ ಕಾವಲಿಯೇ ನಿಮ್ಮ ಬಾಟಲ್‌ನೆಕ್, ಅಂದರೆ ಇಡೀ ಹರಿವನ್ನ ತಡೆಯೋ ಇಕ್ಕಟ್ಟಿನ ಜಾಗ. ಒಬ್ಬ ಸಹಾಯಕ ಹಿಟ್ಟು, ಪಲ್ಯ, ಬೆಣ್ಣೆ, ತಟ್ಟೆ ನಾಲ್ಕನ್ನೂ ಭಟ್ಟರ ಕೈಗೆ ಎಟುಕುವ ಹಾಗೆ ಮೊದಲೇ ಇಟ್ಟರೆ ಸುತ್ತು 210 ಸೆಕೆಂಡಿಗೆ ಇಳಿಯುತ್ತೆ, ಗಂಟೆಗೆ 137 ದೋಸೆ. ಪಲ್ಯವನ್ನ ಉಂಡೆ ಕಟ್ಟಿ ಇಟ್ಟರೆ ಇನ್ನೂ 10 ಸೆಕೆಂಡ್ ಉಳಿಯುತ್ತೆ, ಆಗ 144.

ಬೇಯುವ 90 ಸೆಕೆಂಡಿಗೆ ಮಾತ್ರ ಕೈ ಹಾಕಬೇಡಿ. ಉರಿ ಜಾಸ್ತಿ ಮಾಡಿದರೆ ಹಿಟ್ಟು ಹರಡೋ ಮುಂಚೆಯೇ ಕಚ್ಚಿಕೊಂಡು ಸೌಟಿನ ಜೊತೆ ಎದ್ದು ಬರುತ್ತೆ. ಕೆಟ್ಟ ದೋಸೆ ಕೆರೆದು ಮತ್ತೆ ಹುಯ್ಯೋದರಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹೊತ್ತು ಹೋಗುತ್ತೆ.

ಇನ್ನೊಂದು ಸೂತ್ರ ಈ ವಾರವೇ ಕಲಿಯಿರಿ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು: ಒಳಗಿರುವವರ ಸರಾಸರಿ ಸಂಖ್ಯೆ = ಬರುವ ದರ × ಒಳಗಿರುವ ಸಮಯ. ನಿಮಿಷಕ್ಕೆ 4 ಜನ ಬಂದು ತಲಾ 12 ನಿಮಿಷ ಇದ್ದರೆ ಯಾವಾಗಲೂ ಸರಾಸರಿ 48 ಜನ ಒಳಗೆ. ದೋಸೆಗೆ ಕಾದು ಅದೇ 20 ನಿಮಿಷವಾದರೆ 80 ಜನ. ಜಾಗ ಸಾಲಲ್ಲ ಅಂತ ಪಕ್ಕದ ಮಳಿಗೆ ಬಾಡಿಗೆಗೆ ಹಿಡಿಯೋ ಮುಂಚೆ ಇದನ್ನ ಹಾಕಿ ನೋಡಿ. ಎಷ್ಟೋ ಸಲ ಕೊರತೆ ಇರೋದು ಜಾಗದ್ದಲ್ಲ, ಕಾವಲಿಯದು.

ಹೊಸಬ_ಬೆಂಗಳೂರು

ತುಂಬಾ ಉಪಕಾರವಾಯ್ತು. ಎರಡು ಅನುಮಾನ. ಕ್ಯಾಷ್ ಕೌಂಟರಿಗೆ ಇನ್ನೊಬ್ಬರನ್ನ ಕೂರಿಸೋಣ ಅಂತ ಮಾಲೀಕರು ಹೇಳ್ತಿದ್ದಾರೆ, ಅದು ಬೇಡವಾ? ಮತ್ತೆ ಬೇಡಿಕೆ 144, ಕಾವಲಿ 144 ಅಂತಾದರೆ ಸಮಸ್ಯೆ ಮುಗೀತಲ್ಲ?

ಗಡಿಯಾರ_ಕೈಯಲ್ಲಿ

ಕ್ಯಾಷ್ ಕೌಂಟರ್ ಗಂಟೆಗೆ 360 ಜನರನ್ನ ಕಳಿಸಬಲ್ಲದು, ಬರ್ತಿರೋದು 240. ಅಲ್ಲಿ ಇನ್ನೊಬ್ಬರು ಬಂದರೆ ಸಾಲು ಬಾಗಿಲಿಂದ ದೋಸೆ ಕೌಂಟರಿಗೆ ಬೇಗ ಬಂದು ನಿಲ್ಲುತ್ತೆ, ಅಷ್ಟೇ. ದೋಸೆ ಒಂದೂ ಹೆಚ್ಚಾಗಲ್ಲ. ಆ ಸಂಬಳದಲ್ಲಿ ಕಾವಲಿ ಪಕ್ಕಕ್ಕೆ ಸಹಾಯಕನನ್ನ ಹಾಕಿ.

ಎರಡನೆಯದು: ಮುಗಿಯಲ್ಲ. ಹೊಸಬರು ಹೆಚ್ಚು ಎಡವೋದೇ ಇಲ್ಲಿ. ಜನ 25 ಸೆಕೆಂಡಿಗೊಬ್ಬರಂತೆ ಅಳತೆ ಮಾಡಿ ಬರಲ್ಲ. ಬಸ್ ಇಳಿದ ಹತ್ತು ಜನ ಒಟ್ಟಿಗೆ ನುಗ್ತಾರೆ, ಆಮೇಲೆ ಎರಡು ನಿಮಿಷ ಯಾರೂ ಇರಲ್ಲ. ಆ ಎರಡು ನಿಮಿಷದಲ್ಲಿ ಕಳೆದುಹೋದ ದೋಸೆಯನ್ನ ಕಾವಲಿ ಮತ್ತೆ ಗಳಿಸೋಕಾಗಲ್ಲ. ಒಬ್ಬನೇ ಸೇವೆ ಕೊಡುವ, ಬರುವವರೂ ಕೆಲಸದ ಹೊತ್ತೂ ಏರುಪೇರಾಗುವ ಸರಳ ಮಾದರಿಯಲ್ಲಿ ಸಾಮರ್ಥ್ಯದ ನೂರಕ್ಕೆ 80ರಷ್ಟು ಬಳಕೆಯಾದರೆ ಸರಾಸರಿ ಕಾಯುವಿಕೆ ಒಂದು ಸೇವೆಯ ಹೊತ್ತಿನ 4 ಪಟ್ಟು. 90ಕ್ಕೆ 9 ಪಟ್ಟು, 95ಕ್ಕೆ 19 ಪಟ್ಟು. ಕಾವಲಿಯಲ್ಲಿ ಎಂಟೆಂಟು ಒಟ್ಟಿಗೆ ಬೇಯೋದರಿಂದ ನಿಮ್ಮಲ್ಲಿ ಅಂಕಿ ಬೇರೆ ಬರುತ್ತೆ, ಆದರೆ ನೂರರ ಹತ್ತಿರ ಹೋದಹಾಗೆ ಸಾಲು ಕಡಿದಾಗಿ ಏರೋದು ಅಲ್ಲೂ ಅದೇ.

ಆದ್ದರಿಂದ 4 ದೋಸೆಯ ಸಣ್ಣ ಕಾವಲಿ ಒಂದನ್ನ ಪಕ್ಕದಲ್ಲಿಡಿ. 4 ನಿಮಿಷದ ಸುತ್ತಾದರೂ ಗಂಟೆಗೆ 60 ಸೇರಿ ಒಟ್ಟು 204. ಬಳಕೆ ನೂರಕ್ಕೆ 71. ಸೆಟ್ ದೋಸೆ, ಊತಪ್ಪ ಎಲ್ಲಾ ಸಣ್ಣದಕ್ಕೆ. ಬೇಯುವ ಹೊತ್ತು ಬೇರೆಬೇರೆ ಇರೋದನ್ನ ಒಂದೇ ಕಾವಲಿಗೆ ಹಾಕಿದರೆ ಇಡೀ ಸುತ್ತು ನಿಧಾನದ್ದಕ್ಕೆ ಕಾಯುತ್ತೆ. ಸಣ್ಣ ಕಾವಲಿ 8ರಿಂದ 10ರವರೆಗೆ ಉರಿದರೆ ಸಾಕು.

ಉಗ್ರಾಣ_ಬೀಗ

ಇಡ್ಲಿ ಹಿಟ್ಟಿನ ವಿಷಯಕ್ಕೆ ಬರುತ್ತೇನೆ. ನೆನೆಸುವುದು, ರುಬ್ಬುವುದು, ರಾತ್ರಿಯೆಲ್ಲ ಹುದುಗುವುದು ಸೇರಿ ನಾಳೆ ಬೆಳಗಿನ ನಿರ್ಧಾರವನ್ನು ಇಂದು ಮಧ್ಯಾಹ್ನವೇ ಮಾಡಬೇಕು. ಒಂದೇ ಸಲ ಊಹಿಸಬೇಕಾದ ಇಂಥ ಸಂದರ್ಭಕ್ಕೆ ಪತ್ರಿಕೆ ಮಾರುವವನ ಲೆಕ್ಕ ಎಂಬ ಮಾದರಿ ಇದೆ. ಬೆಳಿಗ್ಗೆ ಎಷ್ಟು ಪತ್ರಿಕೆ ತರಬೇಕು, ಸಂಜೆಗೆ ಉಳಿದದ್ದು ರದ್ದಿ.

ಒಂದು ಪ್ಲೇಟ್ ₹40, ಖರ್ಚು ₹15 ಎಂದಿಟ್ಟುಕೊಳ್ಳಿ. ಇಲ್ಲ ಎಂದು ಕಳಿಸಿದರೆ ನಷ್ಟ ₹25. ಉಳಿದರೆ ಹೋಗುವುದು ಹಿಟ್ಟಿನ ಬೆಲೆ ಮಾತ್ರ, ₹8 ಎನ್ನೋಣ. 25 ÷ (25+8) = 0.76. ಅಂದರೆ ನೂರಕ್ಕೆ 76 ದಿನ ಸಾಕಾಗುವಷ್ಟು ಹಿಟ್ಟು ಇರಬೇಕು. ಕಳೆದ 20 ಕೆಲಸದ ದಿನಗಳ ಬೇಡಿಕೆಯನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದು 16ನೆಯದನ್ನು ಆರಿಸಿ. ಸರಾಸರಿಯಷ್ಟೇ ರುಬ್ಬಿಸಿದರೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ ಖಾಲಿಯಾಗುತ್ತದೆ. ಭಾನುವಾರಕ್ಕೂ ಹಬ್ಬಕ್ಕೂ ಪ್ರತ್ಯೇಕ ಪಟ್ಟಿ ಬೇಕು. ಉಳಿದ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಸಂಜೆ ಪಡ್ಡು ಮಾಡಿ ಮಾರುವುದಾದರೆ ₹8 ಇನ್ನೂ ಇಳಿದು, ಹೆಚ್ಚು ರುಬ್ಬುವುದೇ ಲಾಭ.

ಒಂದು ಎಚ್ಚರಿಕೆ. ಮಾರಾಟವೇ ಬೇಡಿಕೆಯಲ್ಲ. ಒಂಬತ್ತೂವರೆಗೆ ಖಾಲಿಯಾದ ದಿನ 180 ಪ್ಲೇಟ್ ಹೋಗಿದ್ದರೆ ನಿಜವಾದ ಬೇಡಿಕೆ ಅದಕ್ಕಿಂತ ಹೆಚ್ಚು. ಖಾಲಿಯಾದ ಗಂಟೆಯನ್ನು ಬರೆದಿಡದಿದ್ದರೆ ಕಡಿಮೆ ರುಬ್ಬಿ, ಕಡಿಮೆ ಮಾರಿ, ಅದನ್ನೇ ನೋಡಿ ಮತ್ತೂ ಕಡಿಮೆ ರುಬ್ಬುತ್ತೀರಿ.

ಅಕ್ಕಿಗೆ ಬೇರೆ ಲೆಕ್ಕ, ಅದು ಬೇಗ ಕೆಡುವುದಿಲ್ಲ. ದಿನಕ್ಕೆ 30 ಕಿಲೊ, ಆರ್ಡರ್ ಕೊಟ್ಟ 2 ದಿನಕ್ಕೆ ಬರುತ್ತದೆ, ದಿನದ ಬಳಕೆಯ ಪ್ರಮಾಣ ವಿಚಲನೆ, ಅಂದರೆ ಬಳಕೆ ಸರಾಸರಿಯಿಂದ ಸಾಮಾನ್ಯವಾಗಿ ಆಚೀಚೆ ಆಗುವಷ್ಟು, 6 ಕಿಲೊ ಎಂದುಕೊಳ್ಳಿ. ನೂರಕ್ಕೆ 95ರ ಭರವಸೆಗೆ ಬಳಸುವ ಗುಣಕ 1.65, ಕಾಯುವ ದಿನ 2; ಆಗ ಕಾಪು ದಾಸ್ತಾನು, ಅಂದರೆ ಏರುಪೇರಿಗೆಂದು ಮೀಸಲಿಡುವ ಅಕ್ಕಿ, 1.65 × 6 × √2 = 14 ಕಿಲೊ. ಮರುಆರ್ಡರ್ ಮಟ್ಟ 60 + 14 = 74, ಅಂದರೆ 25 ಕಿಲೊದ 3 ಮೂಟೆ. ಕೊನೆಯ ಮೂರು ಮೂಟೆಗೆ ಕೆಂಪು ದಾರ ಕಟ್ಟಿಬಿಡಿ. ಕೆಂಪು ದಾರಕ್ಕೆ ಕೈ ಹೋದ ದಿನ ಫೋನ್ ಮಾಡಬೇಕು. ಉಗ್ರಾಣದ ಹುಡುಗನಿಗೆ ಕಂಪ್ಯೂಟರ್ ಬೇಕಾಗುವುದಿಲ್ಲ.

ಒಮ್ಮೆಗೆ ಎಷ್ಟು ತರಿಸಬೇಕು ಎನ್ನುವುದಕ್ಕೆ 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ಸೂತ್ರವಿದೆ. ವರ್ಷಕ್ಕೆ 10,800 ಕಿಲೊ, ಪ್ರತಿ ಸಲದ ಗಾಡಿ ಬಾಡಿಗೆ ಮತ್ತು ಹಮಾಲಿ ₹400, ಒಂದು ಕಿಲೊ ಒಂದು ವರ್ಷ ಇಟ್ಟುಕೊಳ್ಳುವ ಖರ್ಚು ₹10. ವರ್ಗಮೂಲದೊಳಗೆ 2 × 10,800 × 400 ÷ 10. ಉತ್ತರ ಸುಮಾರು 930 ಕಿಲೊ. ಅಷ್ಟಕ್ಕೆ ಜಾಗವಿಲ್ಲ, ಹುಳು ಬೀಳುತ್ತದೆ ಎಂದು 500 ಕಿಲೊ ತರಿಸಿದರೆ ವರ್ಷದ ಖರ್ಚು ₹9,295ರಿಂದ ₹11,140ಕ್ಕೆ ಏರುತ್ತದೆ, ತಿಂಗಳಿಗೆ ₹155ಕ್ಕೂ ಕಡಿಮೆ. ಈ ಸೂತ್ರದ ತಳ ಅಗಲ, ಆಚೀಚೆ ಆದರೆ ಚಿಂತೆಯಿಲ್ಲ. ಕೊತ್ತಂಬರಿ, ಹಾಲಿಗೆ ಇದನ್ನು ಹಾಕಬೇಡಿ, ಅವು ದಿನದಿನದ ಲೆಕ್ಕ.

ಹಬೆ_ಪೆಟ್ಟಿಗೆ

ಇಡ್ಲಿ ಬೇಯಿಸೋದರ ಬಗ್ಗೆ ಒಂದೇ ಮಾತು. 48 ಇಡ್ಲಿಯ ಎರಡು ಪೆಟ್ಟಿಗೆ ಇದ್ದರೆ ಎರಡನ್ನೂ ಒಟ್ಟಿಗೆ ಇಡಬೇಡಿ. ಬೇಯೋಕೆ 12, ತೆಗೆದು ತುಂಬೋಕೆ 3, ಒಟ್ಟು 15 ನಿಮಿಷದ ಸುತ್ತು. ಒಟ್ಟಿಗೆ ಇಟ್ಟರೆ 15 ನಿಮಿಷಕ್ಕೊಮ್ಮೆ 96 ಬಂದು ಅರ್ಧ ಆರಿಹೋಗುತ್ತೆ. ಏಳೂವರೆ ನಿಮಿಷ ಬಿಟ್ಟು ಇಟ್ಟರೆ ಏಳೂವರೆ ನಿಮಿಷಕ್ಕೊಮ್ಮೆ 48 ಬಿಸಿ ಇಡ್ಲಿ. ಒಟ್ಟು ಅಷ್ಟೇ, ಗ್ಯಾಸೂ ಅಷ್ಟೇ. ಸಣ್ಣ ಬ್ಯಾಚ್ ಅಂದರೆ ಇದು. ಕಾಯಿ ಚಟ್ನಿಯೂ ಹಾಗೆಯೇ. ಆರಕ್ಕೇ ಇಡೀ ಬೆಳಗಿನದು ರುಬ್ಬಿಟ್ಟರೆ ಬೇಸಿಗೆಯಲ್ಲಿ ಹತ್ತು ಗಂಟೆ ಹೊತ್ತಿಗೆ ಹುಳಿ ವಾಸನೆ. ಒಂದೂವರೆ ಗಂಟೆಗೊಮ್ಮೆ ರುಬ್ಬಿಸಿ.

ತಕ್ಕಡಿ

ಗುಣಮಟ್ಟವನ್ನ ಕೊನೆಗೆ ಅಂದಿದ್ದಾರೆ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸೌಟಿನ ತೂಕ ಮೊದಲ ವಾರದಿಂದಲೇ ನೋಡಿ. ದಿನಕ್ಕೆ 600 ದೋಸೆ ಹೋಗೋ ಕಡೆ ಒಂದೊಂದಕ್ಕೆ 10 ಗ್ರಾಂ ಹೆಚ್ಚು ಬಿದ್ದರೆ 6 ಕಿಲೊ ಹಿಟ್ಟು. ದಪ್ಪ ದೋಸೆ ಬೇಯೋಕೆ ಹೆಚ್ಚು ಹೊತ್ತು ಬೇಕು, ಮೇಲೆ ಉಳಿಸಿದ ಸೆಕೆಂಡುಗಳೂ ಅಲ್ಲೇ ಹೋಗ್ತವೆ.

ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತು ಸತತ 5 ಸೌಟು ಹಿಟ್ಟನ್ನ ಬಟ್ಟಲಿಗೆ ಹುಯ್ದು ತೂಗಿ. ಐದರ ಸರಾಸರಿ, ಮತ್ತೆ ದೊಡ್ಡದು ಕಳೆ ಸಣ್ಣದು, ಎರಡನ್ನೂ ಬರೆಯಿರಿ. 20 ಸಲ ಆದಮೇಲೆ ಮಿತಿ ಹಾಕಬಹುದು. ಒಟ್ಟು ಸರಾಸರಿ 100 ಗ್ರಾಂ, ಅಂತರದ ಸರಾಸರಿ 12 ಗ್ರಾಂ ಇದ್ದರೆ, ಐದರ ಗುಂಪಿಗೆ ಕೋಷ್ಟಕದಲ್ಲಿರೋ ಗುಣಕ ಹಿಡಿದು 0.577 × 12 = 7. ಐದರ ಸರಾಸರಿ 93ರಿಂದ 107ರೊಳಗೆ ಇದ್ದರೆ ಸುಮ್ಮನಿರಿ. ಅಂತರಕ್ಕೆ ಮೇಲ್ಮಿತಿ, ಅದೇ ಕೋಷ್ಟಕದ ಇನ್ನೊಂದು ಗುಣಕದಿಂದ, 2.114 × 12, ಅಂದರೆ 25. ಇದು 1924ರಲ್ಲಿ ವಾಲ್ಟರ್ ಶೂಹಾರ್ಟ್ ತಂದ ನಿಯಂತ್ರಣ ಪಟ. ಕಷ್ಟ ಇರೋದು ಆ ಸುಮ್ಮನಿರೋದರಲ್ಲಿ. ಒಂದು ಸೌಟು 108 ತೂಗಿತು ಅಂತ ಭಟ್ಟರಿಗೆ ಕಡಿಮೆ ಹುಯ್ಯಿ ಅಂದರೆ ಮುಂದಿನದು 90 ಆಗುತ್ತೆ, ಏರುಪೇರು ಹೆಚ್ಚುತ್ತೆ. ಸರಾಸರಿ ಮಿತಿ ದಾಟಿದಾಗ ಮಾತ್ರ ಹುಡುಕಿ: ಸೌಟು ಬದಲಾಯ್ತಾ, ಹಿಟ್ಟು ಗಟ್ಟಿಯಾಯ್ತಾ, ಭಟ್ಟರು ಬೇರೆಯವರಾ. ಚಳಿಗಾಲದಲ್ಲಿ ಹಿಟ್ಟು ಸರಿಯಾಗಿ ಉಬ್ಬದೆ ಅದೇ ಸೌಟಿಗೆ ತೂಕ ಹೆಚ್ಚು ಬರುತ್ತೆ, ಡಿಸೆಂಬರ್‌ನಲ್ಲಿ ಮೊದಲು ಅದನ್ನ ನೋಡಿ.