ಹಳೆ ಡೀಸೆಲ್ ಲೋಕೊಗೆ ಬೇರೆ ಇಂಜಿನ್ ಕೂರಿಸಿದರೆ?

ವಾಸ್ಕೋವಾಸಿ:
ಗೋವಾ–ಕರ್ನಾಟಕ ಗಡಿಯ ಕುಳೆಂ–ಕ್ಯಾಸಲ್‌ರಾಕ್ ಘಾಟಿಯಲ್ಲಿ ಗಾಡಿಯ ಹಿಂಬದಿಗೆ ಬ್ಯಾಂಕರ್ (ತಳ್ಳೋ ಲೋಕೊ) ಹಚ್ಚದೆ ಗೂಡ್ಸ್ ಹತ್ತಲ್ಲ. ಹಳೆ ಡಬ್ಲ್ಯುಡಿಜಿ-3ಎ (ಗೂಡ್ಸ್ ಎಳೆಯೋ ಡೀಸೆಲ್ ಲೋಕೊ) ಚಾಸಿಗೆ ಜಾಸ್ತಿ ಎಚ್‌ಪಿಯ ಬೇರೆ ಇಂಜಿನ್ ಹಾಕಿದರೆ ಆಗಲ್ವಾ? ಅಮೆರಿಕದಲ್ಲಿ ಹೀಗೆ ಮಾಡಿ ಸೋತರಂತೆ. ಯಾಕೆ?

ಡಯಲ್‌ಗೇಜ್:
ಅದು ಅಲ್ಲಿನ ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಟಿಇ70-4ಎಸ್ ಲೋಕೊ. 1978ರಲ್ಲಿ ಮಾರಿಸನ್-ನುಡ್ಸನ್‌ನವರು ಜಿಇ ಕಂಪನಿಯ ನಾಲ್ಕು ಯು25ಬಿ ಲೋಕೊಗಳ 2500 ಎಚ್‌ಪಿ ಇಂಜಿನ್ ಕಿತ್ತು, 12 ಸಿಲಿಂಡರಿನ 2800 ಎಚ್‌ಪಿ ಸುಲ್ಜರ್ ಇಂಜಿನ್ ಕೂರಿಸಿದರು. ಹತ್ತು ವರ್ಷವೂ ಬಾಳಲಿಲ್ಲ. ಇಷ್ಟೆಲ್ಲ ಮಾಡಿ ಸಿಕ್ಕಿದ್ದು 300 ಎಚ್‌ಪಿ! ಅದೂ ನಾಲ್ಕೇ ಲೋಕೊ. ಅವಕ್ಕಂತ ಪಿಸ್ಟನ್, ಲೈನರ್, ಇಂಜೆಕ್ಟರ್ ಬೇರೆಯೇ ಇಡಬೇಕು. ಒಂದು ಕೆಟ್ಟು ನಿಂತರೆ ಪಕ್ಕದ ಇಎಂಡಿ ಕಂಪನಿಯ ಲೋಕೊದಿಂದ ಬಿಚ್ಚಿ ಹಾಕೋಕಾಗಲ್ಲ.

ಇನ್ನು ನಿಮ್ಮ ಘಾಟಿ ಲೆಕ್ಕ. ಏರು 1:37, ಅಂದರೆ 37 ಮೀಟರಿಗೆ 1 ಮೀಟರ್ ಹತ್ತಬೇಕು. 1000 ಟನ್ ಗಾಡಿಗೆ ಏರಿನದ್ದೇ 27 ಟನ್ ಎಳೆತ ಬೇಕು. 123 ಟನ್ ತೂಗೋ 3ಎ ಒಣ ಹಳಿ ಮೇಲೆ ಕೊಡೋದು 37 ಟನ್ ಆಸುಪಾಸು, 15 ಕಿ.ಮೀ. ವೇಗದಲ್ಲಿ ಅದಕ್ಕೆ ಚಕ್ರದ ಹತ್ತಿರ 2000 ಎಚ್‌ಪಿ ಸಾಕು. ಅದು ಈಗಲೇ ಇದೆ. ಮಳೆಗಾಲದಲ್ಲಿ ದೂಧಸಾಗರದ ಬಳಿ ಚಕ್ರ ಜಾರುತ್ತಲ್ಲ, ಅದಕ್ಕೆ ಬೇಕಿರೋದು ಎಚ್‌ಪಿ ಅಲ್ಲ, ಒಣ ಮರಳು ಮತ್ತು ಅದನ್ನ ಹಳಿಗೆ ಸುರಿಯೋ, ಕಟ್ಟಿಕೊಳ್ಳದ ಸ್ಯಾಂಡ್ ಪೈಪು.

ಶೆಡ್ಡಿನ_ಮಗ:
ಕೂರಿಸೋದೂ ಸುಲಭ ಇಲ್ರೀ. ಇಂಜಿನ್ ಮತ್ತ ಅದು ತಿರುಗಿಸೋ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸೋ ಯಂತ್ರ) ಒಂದೇ ಗೆರೆಯಾಗಿರಬೇಕು; ಆ ಅಲೈನ್‌ಮೆಂಟ್ ಕೂದಲೆಳೆಯಷ್ಟು ತಪ್ಪಿದರೂ ಕ್ರ್ಯಾಂಕ್ ಬಳುಕಿ ಬೇರಿಂಗ್ ಹೋಗ್ತದ. ಆಮೇಲೆ ಬಿಸಿ. ಲೋಡ್ ಬಾಕ್ಸಿನಾಗ, ಅಂದ್ರ ಶೆಡ್ಡಿನಾಗ ನಿಲ್ಲಿಸಿ ಲೋಡ್ ಕೊಟ್ಟು ಪರೀಕ್ಷೆ ಮಾಡೋವಾಗ, ನೀರು ತಣ್ಣಗೇ ಇರ್ತದ, ಬಯಲಿನ ಗಾಳಿ. ಘಾಟಿ ಸುರಂಗದಾಗ ತಾನೇ ಬಿಟ್ಟ ಬಿಸಿ ಹೊಗೆಯನ್ನ ರೇಡಿಯೇಟರ್ ಮತ್ತ ಎಳಕೊಳ್ತದ. ಹಳೆ ರೇಡಿಯೇಟರ್ ಉಳಿಸಿ ಎಚ್‌ಪಿ ಏರಿಸಿದರ ಅಲ್ಲೇ ಇಂಜಿನ್ ಕಾದದ ಅಂತ ಹೇಳೋ ಹಾಟ್ ಇಂಜಿನ್ ಗಂಟಿ.

ಘೋರ್ಪಡಿ_ಲೈನ್:
ನಮ್ಮಲ್ಲೂ ವಾರಾಣಸಿಯಲ್ಲಿ ಎರಡು 3ಎ ಸೇರಿಸಿ 69 ದಿನಗಳಲ್ಲಿ 10,000 ಎಚ್‌ಪಿಯ ವಿದ್ಯುತ್ ಜೋಡಿ ಡಬ್ಲ್ಯುಎಜಿಸಿ-3 ಮಾಡಿದರು. 2019ರಲ್ಲಿ ಹಸಿರು ಬಾವುಟವೂ ಬಿತ್ತು. ಪರಿವರ್ತನೆ ಮಾತ್ರ ದೊಡ್ಡ ಸಂಖ್ಯೆಗೆ ಹೋಗಲಿಲ್ಲ.

ವಾಸ್ಕೋವಾಸಿ:
ಅಲೈನ್‌ಮೆಂಟ್ ಸರಿ ಇದೆ ಅಂತ ತಿಳಿಯೋದು ಹೇಗೆ?

ಡಯಲ್‌ಗೇಜ್:
ಎರಡು ಕ್ರ್ಯಾಂಕ್ ವೆಬ್ (ಕ್ರ್ಯಾಂಕ್ ಶಾಫ್ಟಿನ ತೋಳು) ನಡುವೆ ಗೇಜ್ ಇಟ್ಟು ಕೈಯಲ್ಲಿ ಶಾಫ್ಟ್ ತಿರುಗಿಸಿ. ಕೆಳಗಡೆ ಕನೆಕ್ಟಿಂಗ್ ರಾಡ್ ಅಡ್ಡ ಬರುತ್ತೆ, ಹಾಗಾಗಿ ಒಂದು ಸುತ್ತಿನಲ್ಲಿ ಐದು ರೀಡಿಂಗ್. ಅವುಗಳ ನಡುವಿನ ವ್ಯತ್ಯಾಸ ಮಿತಿ ಮೀರಿದರೆ ಅಲೈನ್‌ಮೆಂಟ್ ತಪ್ಪಿದೆ. ಬೇಸ್ ಬೋಲ್ಟ್ ಬಿಗಿದ ಮೇಲೆ ಒಮ್ಮೆ, ಇಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ. ಆಲ್ಟರ್ನೇಟರ್ ಪಕ್ಕದ ಥ್ರೋ (ಕ್ರ್ಯಾಂಕಿನ ಬಾಗು) ಮೊದಲು ನೋಡಿ, ಹೆಚ್ಚಾಗಿ ಕೆಡೋದು ಅಲ್ಲೇ.