ದೊಡ್ಡಪ್ಪನ ಡಬ್ಬೀಲಿ ಸಿಕ್ಕ ಹಳೇ ಪೆನ್ನಿ, ಫಾರ್ದಿಂಗ್‌ಗೆ ಬೆಲೆ ಇದ್ಯಾ?

ಬಿಸ್ಕೆಟ್_ಡಬ್ಬಿ:
ನಮ್ ದೊಡ್ಡಪ್ಪ 60ರ ದಶಕದಲ್ಲಿ ಇಂಗ್ಲೆಂಡಲ್ಲಿ ಕೆಲ್ಸಕ್ಕಿದ್ರು, ಅವ್ರ ಡಬ್ಬಿ ಈಗ ನಮ್ಮನೇಲಿದೆ. ಒಳಗೆ ವಿಕ್ಟೋರಿಯಾ ರಾಣಿದು 1897ರ ಪೆನ್ನಿ, ಜಾರ್ಜ್ ತಲೆ ಇರೋ 1919ರದ್ದು, ಹಡಗಿನ ಚಿತ್ರದ ಅರ್ಧ ಪೆನ್ನಿ, ಪುಟಾಣಿ ಹಕ್ಕಿ ಇರೋ 1951ರ ಫಾರ್ದಿಂಗ್ (ಅಂದ್ರೆ ಕಾಲು ಪೆನ್ನಿ) ಎಲ್ಲಾ ಇವೆ. 1903ರ ಒಂದು ಫಾರ್ದಿಂಗ್ ಮಾತ್ರ ಮಸಿ ಬಳಿದಂಗೆ ಕರ್ರಗಿದೆ, ಬೆಂಕಿಗೆ ಬಿದ್ದಿತ್ತೋ ಏನೋ. ಅಮ್ಮ ಹುಣಸೆಹಣ್ಣು ನೆನೆಸಿಟ್ಟು ಎಲ್ಲಾನೂ ಉಜ್ತೀನಿ ಅಂತ ಕೂತಿದಾರೆ. ಆನ್‌ಲೈನಲ್ಲಿ ಒಬ್ಬ ಒಂದ್ ಪೆನ್ನಿಗೆ 3 ಲಕ್ಷ ಕೊಡ್ತೀನಿ, ಮೊದ್ಲು ರಿಜಿಸ್ಟ್ರೇಷನ್ ಫೀಸ್ ಹಾಕಿ ಅಂತಿದಾನೆ. ನಂಬ್ಬೋದಾ?

ಕಾಸಿನಸರ:
ಮೊದ್ಲು ಅಮ್ಮನ ಕೈಯಿಂದ ಆ ಹುಣಸೆಹಣ್ಣು ತಗೊಂಡು ಸಾರಿಗೆ ಹಾಕಿ 😀 ಉಜ್ಜಿದ ನಾಣ್ಯಾನ ಕಲೆಕ್ಟರ್‌ಗಳು ಮುಟ್ಟಲ್ಲ. ಆ ಕರಿ ಫಾರ್ದಿಂಗ್ ಸುಟ್ಟಿರೋದಲ್ಲ, ಬ್ರಿಟನ್ ಸರ್ಕಾರದ ಟಂಕಸಾಲೆ ರಾಯಲ್ ಮಿಂಟ್‌ನವ್ರೇ ಬೇಕಂತ ಕಪ್ಪು ಮಾಡಿರೋದು. ಹೊಸ ಫಾರ್ದಿಂಗ್ ಫಳಫಳ ಅನ್ನೋವಾಗ ಚಿನ್ನದ ಹಾಫ್ ಸಾವರಿನ್ ಥರಾನೇ ಕಾಣೋದು, ಸೈಜೂ ಹೆಚ್ಚುಕಮ್ಮಿ ಅಷ್ಟೇ, ಹಾಫ್ ಸಾವರಿನ್ ಅಂದ್ರೆ 10 ಶಿಲ್ಲಿಂಗ್ (ಶಿಲ್ಲಿಂಗ್‌ಗೆ 12 ಪೆನ್ನಿ), ಅಂದ್ರೆ 480 ಫಾರ್ದಿಂಗು, ಸಂಜೆ ಮಬ್ಬಲ್ಲಿ ಅಂಗಡಿಯವ್ನಿಗೆ ಟೋಪಿ ಹಾಕೋಕೆ ಎಷ್ಟು ಸುಲಭ ನೋಡಿ. ಅದಕ್ಕೇ 1897ರಿಂದ ಸುಮಾರು 20 ವರ್ಷ ಕಪ್ಪು ಮಾಡೇ ಬಿಟ್ರು. ಆ ಕಪ್ಪು ಪೂರ್ತಿ ಉಳಿದಿದ್ರೇನೇ ಅದಕ್ಕೆ ಮರ್ಯಾದೆ.

ಬ್ರಿಟಾನಿಯಾ_ಫ್ಯಾನ್:
ಹಳೇದು ಅಂದ ತಕ್ಷಣ ದುಡ್ಡು ಅಂತ ಅಲ್ಲ ಗುರು. 1897ರ ಪೆನ್ನಿಗಳು ಕೋಟಿಗಟ್ಲೆ ಟಂಕಿಸಿದ್ದು, ಸವೆದಿದ್ರೆ ಅಲ್ಲೂ ಒಂದೆರಡು ಪೌಂಡ್ ಅಷ್ಟೇ. 1919ರದ್ದನ್ನ ಲೆನ್ಸ್ ಇಟ್ಟು ನೋಡಿ, ಇಸವಿಯ ಎಡಗಡೆ ಚಿಕ್ಕದಾಗಿ ಎಚ್ ಅಂತಿದ್ರೆ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆದು, ಕೆಎನ್ ಅಂತಿದ್ರೆ ಕಿಂಗ್ಸ್ ನಾರ್ಟನ್‌ದು. ಸವೆಯದ ಕೆಎನ್ ಸಿಕ್ರೆ ಲಾಟರಿ ಅಲ್ದಿದ್ರೂ ಒಳ್ಳೇ ರೇಟು.

ನಿಜವಾದ ರಾಜ ಅಂದ್ರೆ 1933ರ ಪೆನ್ನಿ. ಆ ವರ್ಷ ಬ್ಯಾಂಕ್‌ಗಳಲ್ಲಿ ಪೆನ್ನಿ ಬೇಕಾದಷ್ಟಿತ್ತು, ಹಾಗಾಗಿ ಬೆರಳೆಣಿಕೆಯಷ್ಟು ಮಾತ್ರ ಮಾಡಿದ್ರು, ಕೆಲವನ್ನ ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಟ್ರು. 1970ರಲ್ಲಿ ಲೀಡ್ಸ್‌ನ ಒಂದು ಚರ್ಚಿನ ಅಡಿಗಲ್ಲಿಂದ ಅದನ್ನ ಕದ್ಕೊಂಡೇ ಹೋದ್ರು, ಆಮೇಲೆ ಊರಿನ ಇನ್ನೊಂದು ಚರ್ಚಿನವ್ರು ಇದೂ ಹೋದೀತು ಅಂತ ತಮ್ದನ್ನ ತೆಗೆದು ಮಾರ್ಬಿಟ್ರು! ನಿಮ್ ಡಬ್ಬೀಲಿ 1933 ಕಂಡ್ರೆ ಖುಷಿ ಪಡೋ ಮೊದ್ಲು ಅಂಕಿ ತಿದ್ದಿದಾರಾ ನೋಡಿ.

ಮಲ್ನಾಡ್_ಹುಡ್ಗ:
ಫೀಸ್ ಕೇಳಿದ್ನಲ್ಲ, ಬ್ಲಾಕ್ ಮಾಡಿ ಸುಮ್ನಿರಿ. ಹಳೇ ನಾಣ್ಯದ ಹೆಸರಲ್ಲಿ ಚಾರ್ಜು, ಕಮಿಷನ್ನು ಅಂತ ವಸೂಲಿ ಮಾಡೋರ ಬಗ್ಗೆ ಆರ್‌ಬಿಐ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಇದೇ ಗ್ಯಾಂಗ್ ಈಸ್ಟ್ ಇಂಡಿಯಾ ಕಂಪನಿದು ಅಂತ 1818ರ ರಾಮದರ್ಬಾರ್ ಬಿಲ್ಲೆನೂ ಮಾರುತ್ತೆ, ಅದು ನಾಣ್ಯಾನೇ ಅಲ್ಲ.

ಬಿಸ್ಕೆಟ್_ಡಬ್ಬಿ:
ಅಮ್ಮನ್ನ ತಡೆದೆ, ಬೈಗುಳ ತಿಂದೆ. 1919ರಲ್ಲಿ ಎಚ್ ಇದೆ ಆದ್ರೆ ರಾಜನ ಕಿವಿ ಎಲ್ಲಾ ನುಣ್ಣಗಾಗಿದೆ. ಬ್ಯಾಂಕಲ್ಲಿ ಬದಲಾಯಿಸ್ಕೊಬೋದಾ?

ಕಾಸಿನಸರ:
ಇಲ್ಲ, ಫಾರ್ದಿಂಗ್ 1960ರ ಕೊನೆಗೇ ಚಲಾವಣೆಯಿಂದ ಹೋಯ್ತು. ಪೌಂಡಿಗೆ 240 ಪೆನ್ನಿ ಅನ್ನೋ ಲೆಕ್ಕ 1971ರ ಫೆಬ್ರವರಿ 15ಕ್ಕೆ ಮುಗಿದು 100 ಆಯ್ತು, ಅದೇ ವರ್ಷ ಹಳೇ ಪೆನ್ನಿನೂ ಹೋಯ್ತು. ಎಚ್ ಇರೋ ಪೆನ್ನಿ ಸವೆದಿದ್ರೆ ಕೆಲವೇ ಪೌಂಡು, ಇಲ್ಲಿ ಗಿರಾಕಿ ಹುಡುಕೋ ಖರ್ಚಿಗೂ ಗಿಟ್ಟಲ್ಲ, ಇಟ್ಕೊಳ್ಳಿ. ಒಂದೊಂದನ್ನೂ ಬೇರೆ ಬೇರೆ ಪೇಪರ್ ಕವರ್‌ಗೆ ಹಾಕಿ, ಪಿವಿಸಿ ಪ್ಲಾಸ್ಟಿಕ್ ಪೌಚ್ ಬೇಡ, ಕಂಚು ಹಸಿರು ತಿರುಗುತ್ತೆ.