ಮಾಟಗಾತಿಯ ಕಡೆಯಿಂದ ಹೇಳಿದ ಕತೆ: ಮಕ್ಕಳಿಗೆ ಯಾವ ಸಿನಿಮಾ ಮೊದಲು ತೋರಿಸಬೇಕು?

ಚಂದ್ರವಳ್ಳಿ (ಚಿತ್ರದುರ್ಗ):

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಭಾಷಾ ಶಿಕ್ಷಕಿ. ಒಂದೇ ಕತೆಯನ್ನು ಎರಡು ಕಾಲದ ಸಿನಿಮಾಗಳು ಹೇಗೆ ಹೇಳಿವೆ ಎಂಬುದನ್ನು ಬೇಸಿಗೆ ಶಿಬಿರದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಬೇಕೆಂದು, ಡಿಸ್ನಿಯ 1959ರ ‘ಸ್ಲೀಪಿಂಗ್ ಬ್ಯೂಟಿ’ಯನ್ನೂ ಅದೇ ಸಂಸ್ಥೆಯ 2014ರ ‘ಮ್ಯಾಲೆಫಿಸೆಂಟ್’ಅನ್ನೂ ಆರಿಸಿಕೊಂಡಿದ್ದೇನೆ. ಹಳೆಯದರಲ್ಲಿ, ಮಗು ಹುಟ್ಟಿದ ಸಂಭ್ರಮಕ್ಕೆ ತನ್ನನ್ನು ಕರೆಯಲಿಲ್ಲವೆಂಬ ಒಂದೇ ಸಿಟ್ಟಿಗೆ ಮಾಟಗಾತಿ ಕೂಸಿಗೆ ಸಾವಿನ ಶಾಪ ಕೊಡುತ್ತಾಳೆ. ಹೊಸದರಲ್ಲಿ ಅವಳೇ ನಾಯಕಿ. ಅವಳು ನಂಬಿದ್ದ ಸ್ಟೀಫನ್ ಸಿಂಹಾಸನದ ಆಸೆಗೆ ಅವಳ ರೆಕ್ಕೆಗಳನ್ನೇ ಕತ್ತರಿಸಿಕೊಂಡು ಹೋಗಿರುತ್ತಾನೆ. ರಾಜನಾದ ಅವನ ಮಗುವಿಗೆ ಅವಳು ಕೊಡುವ ಶಾಪ ಅದರ ಸೇಡು. ಶಾಪದ ನಿದ್ದೆಗೆ ಬಿದ್ದು ರಾಜಕುಮಾರನ ಮುತ್ತಿಗೂ ಏಳದ ಹುಡುಗಿ, ಶಪಿಸಿದವಳೇ ಪಶ್ಚಾತ್ತಾಪದಿಂದ ಹಣೆಗೆ ಮುತ್ತಿಟ್ಟಾಗ ಕಣ್ಣು ತೆರೆಯುತ್ತಾಳೆ.

ನಮ್ಮ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಇದಕ್ಕೆ ಒಪ್ಪುತ್ತಿಲ್ಲ. ಕೆಟ್ಟವರಿಗೆಲ್ಲ ಒಂದೊಂದು ದುಃಖದ ಕತೆ ಹೊಂದಿಸಿಕೊಟ್ಟರೆ, ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವ ಧೈರ್ಯ ಮಕ್ಕಳಿಗೆ ಎಲ್ಲಿಂದ ಬರಬೇಕು ಎನ್ನುವುದು ಅವರ ಪ್ರಶ್ನೆ. ಮೂಲ ಕತೆಯನ್ನು ಕೆಡಿಸಿದ ಸಿನಿಮಾ ಎಂಬ ಮಾತನ್ನೂ ಅವರು ಸೇರಿಸಿದರು. ಅವರ ಆತಂಕವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿನಿಮಾವನ್ನು ಕೈಬಿಡಲೂ ಮನಸ್ಸಿಲ್ಲ. ಬಲ್ಲವರು ತಿಳಿಸಿಕೊಡಬೇಕು.

ಬಾತಿಗುಡ್ಡ (ದಾವಣಗೆರೆ):

ಮೇಡಂ, ಮೂಲವನ್ನು ಕೆಡಿಸಿದರು ಎಂಬ ಮಾತಿಗೆ ಮೊದಲು ಉತ್ತರಿಸುತ್ತೇನೆ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ರೂಪದಲ್ಲಿ ರಾಜಕುಮಾರಿ ಎಚ್ಚೆತ್ತಮೇಲೂ ಕತೆ ಮುಗಿಯುವುದಿಲ್ಲ. ರಾಜಕುಮಾರನ ತಾಯಿ ರಾಕ್ಷಸ ಕುಲದವಳಾಗಿದ್ದು, ಸೊಸೆಯನ್ನೂ ಮೊಮ್ಮಕ್ಕಳನ್ನೂ ಬೇಯಿಸಿ ಬಡಿಸಲು ಅಡುಗೆಯವನಿಗೆ ಅಪ್ಪಣೆ ಮಾಡುತ್ತಾಳೆ. ಜರ್ಮನಿಯ ಗ್ರಿಮ್ ಸಹೋದರರು 1812ರ ತಮ್ಮ ಸಂಪುಟದಲ್ಲಿ ಈ ಕತೆಯನ್ನು ಮದುವೆಗೇ ನಿಲ್ಲಿಸಿದರು. ಅದೇ ಸಂಪುಟದ ‘ಸ್ನೋ ವೈಟ್’ ಕತೆಯಲ್ಲಿ ಮಗಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ ಆಗಿದ್ದಳು. 1819ರ ಆವೃತ್ತಿಯಲ್ಲಿ ಅವರು ಅವಳನ್ನು ಮಲತಾಯಿಯನ್ನಾಗಿ ಮಾಡಿದರು. ಅವರ ಕಪ್ಪೆರಾಯನ ಕತೆಯಲ್ಲಿ ಮುತ್ತೇ ಇಲ್ಲ. ರಾಜಕುಮಾರಿ ಕಪ್ಪೆಯನ್ನು ಗೋಡೆಗೆ ಅಪ್ಪಳಿಸಿದಾಗಲೇ ಅದು ರಾಜಕುಮಾರನಾಗುವುದು.

ಹೀಗೆ ಸಿನಿಮಾ ಹುಟ್ಟುವ ಮೊದಲೇ, ಪ್ರತಿ ಕಾಲದವರೂ ತಮ್ಮ ಮನೆಯ ಮಕ್ಕಳ ಮುಂದೆ ಹೇಳಲು ಹಿಂಜರಿದದ್ದನ್ನು ಬಿಟ್ಟು, ತಮಗೆ ಬೇಕಾದದ್ದನ್ನು ಸೇರಿಸಿ ಈ ಕತೆಗಳನ್ನು ಹೇಳುತ್ತಲೇ ಬಂದಿದ್ದಾರೆ. ನಿಮ್ಮ ಹಿರಿಯರು ಮೂಲವೆಂದು ನೆನೆಯುತ್ತಿರುವುದು ಬಹುಶಃ 1959ರ ಸಿನಿಮಾವನ್ನೇ ಇರಬೇಕು. ಎರಡನ್ನೂ ತೋರಿಸಿ, ಹಳೆಯದು ಮೊದಲಿರಲಿ.

ಮಾರಿಕಣಿವೆ (ಹಿರಿಯೂರು):

ಬಾತಿಗುಡ್ಡದವರು ಕೊಟ್ಟ ಚರಿತ್ರೆ ಸರಿಯಾಗಿದೆ, ಆದರೆ ಆ ಶಿಕ್ಷಕರ ಮುಖ್ಯ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ. ಕತೆ ಬದಲಾಗಬಹುದೇ ಎಂಬುದಕ್ಕಿಂತ, ಬದಲಾದಾಗ ಏನು ಕಳೆದುಹೋಯಿತು ಎಂಬುದನ್ನು ಅವರು ಕೇಳುತ್ತಿದ್ದಾರೆ.

ಗ್ರಿಮ್ ರೂಪದಲ್ಲಿ ರಾಜನ ಬಳಿ ಇದ್ದದ್ದು 12 ಬಂಗಾರದ ತಟ್ಟೆಗಳು; ರಾಜ್ಯದಲ್ಲಿದ್ದ ಮಂತ್ರಗಾತಿಯರು 13. ಒಬ್ಬಳನ್ನು ಊಟಕ್ಕೆ ಕರೆಯದೆ ಬಿಟ್ಟರು. ಲಗ್ನಪತ್ರಿಕೆ ತಲುಪಲಿಲ್ಲವೆಂದು ದಾಯಾದಿಗಳು ಮಾತು ಬಿಡುವುದನ್ನು ಕಂಡಿರುವ ನಮ್ಮ ಸೀಮೆಯ ಮಗುವಿಗೆ ಈ ಸಿಟ್ಟನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾರಣ ಕತೆಯಲ್ಲಿ ಮೊದಲೇ ಇತ್ತು. ಆ ಕಾರಣಕ್ಕೂ ಕೂಸಿನ ಸಾವಿಗೂ ನಡುವಿನ ಅಂತರವೇ ಕೇಳುವವರ ಎದೆ ನಡುಗಿಸುತ್ತದೆ. ‘ಮ್ಯಾಲೆಫಿಸೆಂಟ್’ ಆ ಅಂತರವನ್ನು ತುಂಬಿಬಿಟ್ಟಿತು. ರೆಕ್ಕೆ ಕಳೆದುಕೊಂಡವಳ ಸೇಡು ನಮಗೆ ನ್ಯಾಯವೆನಿಸತೊಡಗಿದ ಕ್ಷಣದಿಂದ ಅವಳ ಬಗೆಗಿನ ಭಯ ಉಳಿಯುವುದಿಲ್ಲ, ಮತ್ತು ಆ ಭಯವೆಲ್ಲ ಸ್ಟೀಫನ್ನನ ಮೇಲೆ ಹೋಗಿ ಕೂರುತ್ತದೆ. ಅಂದರೆ ಸಿನಿಮಾ ದುಷ್ಟರನ್ನು ಕ್ಷಮಿಸಿಲ್ಲ, ದುಷ್ಟನನ್ನು ಬದಲಾಯಿಸಿದೆ, ಅಷ್ಟೆ. ಇದನ್ನು ಮಕ್ಕಳು ತಾವಾಗಿಯೇ ಕಂಡುಕೊಂಡರೆ ನಿಮ್ಮ ಶಿಬಿರ ಸಾರ್ಥಕ.

ಭಯವನ್ನು ಉಳಿಸಿಕೊಂಡೇ ಹೊಸದಾಗಿ ಹೇಳಿದವರೂ ಇದ್ದಾರೆ. ಸ್ಪೇನಿನ ಪಾಬ್ಲೊ ಬೆರ್ಗರ್ 2012ರಲ್ಲಿ ‘ಸ್ನೋ ವೈಟ್’ ಕತೆಯನ್ನು 1920ರ ದಶಕದ ಗೂಳಿಕಾಳಗದ ಲೋಕಕ್ಕೆ ತಂದು, ಕಪ್ಪು-ಬಿಳುಪಿನ ಮೂಕಿ ಚಿತ್ರವಾಗಿ ‘ಬ್ಲಾಂಕಾನಿಯೆವೆಸ್’ ಮಾಡಿದರು. ಅದರ ಕೊನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಹುಡುಗಿ ಜಾತ್ರೆಯ ನೋಟವಾಗುತ್ತಾಳೆ. ದುಡ್ಡು ಕೊಟ್ಟವರು ಸಾಲಾಗಿ ಬಂದು ಮುತ್ತಿಡುತ್ತಾರೆ. ಮುತ್ತೆಂಬುದು ಏನಾಗಿತ್ತು ಎಂದು ಇಷ್ಟು ಕಠೋರವಾಗಿ ಕೇಳಿದ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ಎಂಟನೆಯ ತರಗತಿಗೆ ಇದು ಬೇಡ. ದೊಡ್ಡವರು ತಪ್ಪದೆ ನೋಡಬೇಕು.

ಕೋಟೆಬಾಗಿಲು (ಚಿತ್ರದುರ್ಗ):

ಮೇಡಂ, ನಮ್ಮ ಕತೆಗಳನ್ನೂ ಜೊತೆಗಿಟ್ಟರೆ ಚರ್ಚೆ ಗಟ್ಟಿಯಾಗುತ್ತದೆ. ಎ. ಕೆ. ರಾಮಾನುಜನ್ ಅವರು ಸಿಂಡರೆಲ್ಲಾ ಕತೆಯ ಕನ್ನಡ ರೂಪವೆಂದು ಗುರುತಿಸಿ ಪ್ರಕಟಿಸಿದ ‘ಹಂಚಿ’ಯನ್ನು ಓದಿ. ಬಂಗಾರದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಪರರ ಮನೆಯಲ್ಲಿ ದುಡಿಯುತ್ತಾಳೆ, ಸಾಹುಕಾರನ ಮಗ ಅವಳ ನಿಜರೂಪ ಕಂಡು ಮದುವೆಯಾಗುತ್ತಾನೆ. ಸಿಂಡರೆಲ್ಲಾ ಸಿನಿಮಾಗಳು ಅಲ್ಲಿಗೆ ಮುಗಿಯುತ್ತವೆ. ಹಂಚಿಯ ಕಷ್ಟ ಮಾತ್ರ ಮದುವೆಯ ನಂತರ ಇನ್ನೊಮ್ಮೆ ಶುರುವಾಗುತ್ತದೆ: ಮನೆಗೆ ಬಂದುಹೋಗುವ ಗುರುಸ್ವಾಮಿ ಅವಳ ಮೇಲೆ ಕಣ್ಣು ಹಾಕುತ್ತಾನೆ, ಅವಳು ಒಲಿಯದಿದ್ದಾಗ ಅಪವಾದ ಹೊರಿಸುತ್ತಾನೆ, ಮನೆಯವರು ಅದನ್ನು ನಂಬುತ್ತಾರೆ. ಹೆಣ್ಣಿನ ಬಾಳನ್ನು ಇಷ್ಟು ದೂರದವರೆಗೆ ಹಿಂಬಾಲಿಸುವ ಧೈರ್ಯ ಈಚಿನ ದೊಡ್ಡ ಬಜೆಟ್ಟಿನ ಸಿನಿಮಾಗಳಿಗೆ ಬಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಿನಿಮಾವೇ ಬೇಕೆಂದರೆ ಗಿರೀಶ ಕಾರ್ನಾಡರ 1992ರ ‘ಚೆಲುವಿ’ ಇದೆ. ಹಿಂದಿಯಲ್ಲಿದ್ದರೂ ಅದರ ಬೇರು ಹೂವಿನ ಗಿಡವಾಗುವ ಹುಡುಗಿಯ ನಮ್ಮ ಕತೆಯಲ್ಲಿದೆ. ಜನಪದರು ಹೇಳುವಾಗ, ಅವಳು ಗಿಡವಾಗಿದ್ದಾಗ ಬೇರೆ ಹುಡುಗಿಯರು ಮುರಿದುಹಾಕಿದ ಕೊಂಬೆಗಳನ್ನು ಗಂಡ ಜೋಡಿಸಿ ನೀರೆರೆಯುತ್ತಾನೆ, ಹುಡುಗಿ ಮತ್ತೆ ಹುಡುಗಿಯಾಗುತ್ತಾಳೆ. ಕಾರ್ನಾಡರು ಕತೆಯನ್ನು ಕಡಿದ ಕಾಡಿನ ಕಡೆಗೆ ತಿರುಗಿಸಿದರು, ಆ ಸಮಾಧಾನವನ್ನು ಕೊಡಲಿಲ್ಲ. ಇಲ್ಲಿ ಬದಲಾವಣೆ ಕತೆಯನ್ನು ಮೃದು ಮಾಡಲಿಲ್ಲ, ಇನ್ನಷ್ಟು ಬಿಗಿ ಮಾಡಿತು. ಗಿಡದ ಕೊಂಬೆ ಮುರಿಯುವ ಹುಡುಗಿಯರಿಗೆ ಯಾವ ದೊಡ್ಡ ಕಾರಣವೂ ಇಲ್ಲ ಎಂಬುದನ್ನು ಮಾರಿಕಣಿವೆಯವರು ಗಮನಿಸಬೇಕು.

ಚಂದ್ರವಳ್ಳಿ (ಚಿತ್ರದುರ್ಗ):

ಮೂವರಿಗೂ ಕೃತಜ್ಞತೆಗಳು. ಮೊದಲ ದಿನ ಯಾವ ಸಿನಿಮಾವನ್ನೂ ತೋರಿಸದೆ ತಟ್ಟೆಗಳ ಲೆಕ್ಕವಿರುವ ಗ್ರಿಮ್ ರೂಪವನ್ನು ಬಾಯಿಮಾತಿನಲ್ಲಿ ಹೇಳಿ, ಶಾಪ ಕೊಟ್ಟವಳ ಬಗ್ಗೆ ಮಕ್ಕಳಿಂದ ಒಂದು ಪುಟ ಬರೆಸುತ್ತೇನೆ. ಆಮೇಲೆ 1959ರದ್ದು, ಅದಾದಮೇಲೆ 2014ರದ್ದು. ಚರ್ಚೆ ನಡೆಸಿಕೊಡುವಂತೆ ಆ ಹಿರಿಯ ಶಿಕ್ಷಕರನ್ನೇ ಕೇಳುವೆ. ‘ಹಂಚಿ’ಯನ್ನು ಹೇಳುವ ಆಸೆಯೂ ಇದೆ, ಆದರೆ ಹುಡುಗಿ ಮುಖವಾಡ ಹಾಕಿಕೊಳ್ಳಬೇಕಾಗಿ ಬಂದದ್ದು ಒಡಹುಟ್ಟಿದ ಅಣ್ಣನ ಕೆಟ್ಟ ಆಸೆಯಿಂದ. ಆ ಭಾಗವನ್ನು ಬಿಟ್ಟರೆ ಗ್ರಿಮ್ ಸಹೋದರರು ತಾಯಿಯನ್ನು ಮಲತಾಯಿ ಮಾಡಿದಂತೆಯೇ ಆಗುತ್ತದೆ. ಹದಿಮೂರು ವರ್ಷದ ಮಕ್ಕಳಿಗೆ ಅದನ್ನು ಮುಚ್ಚಿಡದೆ ಹೇಳಿರುವ ಶಿಕ್ಷಕರು ಇಲ್ಲಿದ್ದರೆ, ಯಾವ ಮಾತುಗಳಲ್ಲಿ ಹೇಳಿದಿರೆಂದು ದಯವಿಟ್ಟು ಬರೆಯಿರಿ.